ನೋವಿನೊಂದಿಗೆ ಮೂವತ್ತು ವರ್ಷ: ಹ. ಇಮ್ರಾನ್ ಬಿನ್ ಹುಸೈನ್(ರ)



ನಿಮ್ಮ ಊರಿನ ಮಸೀದಿಯ ಕೊನೆಯ ಸಾಲಿನಲ್ಲಿ, ಗೋಡೆಯ ಪಕ್ಕ, ಒಂದೆರಡು ಕುರ್ಚಿಗಳಿರುವುದನ್ನು ನೀವು ಕಂಡಿರಬಹುದು. ಶಿರಸಿಯಲ್ಲಾಗಲಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ ಈ ದೃಶ್ಯ ಈಗ ಸಾಮಾನ್ಯ. ಮೊಣಕಾಲು ಮಡಚಲಾಗದ ಹಿರಿಯರು, ಸೊಂಟ ಹಿಡಿದವರು ಅವುಗಳ ಮೇಲೆ ಕುಳಿತು ನಮಾಝ್ ನಿರ್ವಹಿಸುವರು. ಮನೆಯಲ್ಲಿ ಎದ್ದು ಕೂರಲೂ ಆಗದ ಅಜ್ಜಿ ಮಗ್ಗುಲಾಗಿ ಮಲಗಿದಲ್ಲಿಯೇ ಸನ್ನೆಯಿಂದ ನಮಾಝ್ ಪೂರೈಸುವರು. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಈ ವಿಧಿ ಇಷ್ಟು ಸ್ಪಷ್ಟವಾದ ರೂಪದಲ್ಲಿ ನಮ್ಮ ಕೈಗೆ ಬಂದದ್ದು ಒಬ್ಬ ರೋಗಿ ಸಂಕೋಚ ಬಿಟ್ಟು ಕೇಳಿದ ಪ್ರಶ್ನೆಯಿಂದ. ಆ ರೋಗಿಗೆ ಮೂಲವ್ಯಾಧಿಯಿತ್ತು. ಹತ್ತು ಜನರ ಮುಂದೆ ಹೇಳಿಕೊಳ್ಳುವಂತಹ ಕಾಯಿಲೆ ಅದಲ್ಲ. ಆದರೂ ಅವರು ಪ್ರವಾದಿವರ್ಯರ(ಸ) ಬಳಿ ಹೋಗಿ ತಮ್ಮ ಸ್ಥಿತಿಯಲ್ಲಿ ನಮಾಝ್ ಹೇಗೆಂದು ವಿಚಾರಿಸಿದರು. ನಿಂತು ನಿರ್ವಹಿಸಬೇಕು, ಅದಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಎಂಬ ಮಾರ್ಗದರ್ಶನ ದೊರೆಯಿತು. ಇಮಾಮ್ ಬುಖಾರಿಯವರು ಇದನ್ನು ದಾಖಲಿಸಿರುವರು. ಪ್ರಶ್ನೆ ಕೇಳಿದವರು ಹ. ಇಮ್ರಾನ್ ಬಿನ್ ಹುಸೈನ್(ರ).

ಇಮ್ರಾನ್(ರ) ಖುಝಾಅ ಗೋತ್ರದವರು. ಅಬೂ ನುಜೈದ್ ಎಂದು ಅವರನ್ನು ಕರೆಯುತ್ತಿದ್ದರು. ಖೈಬರ್ ಯುದ್ಧ ನಡೆದ ವರ್ಷ, ಅಂದರೆ ಹಿಜರಿ 7ರಲ್ಲಿ (ಕ್ರಿ.ಶ. 628) ಅವರು ಇಸ್ಲಾಮ್ ಸ್ವೀಕರಿಸಿದರು. ಹ. ಅಬೂ ಹುರೈರಾ(ರ) ಬಂದದ್ದೂ ಅದೇ ವರ್ಷ. ಮರುವರ್ಷ ಮಕ್ಕಾ ವಿಜಯದ ದಿನ ಖುಝಾಅದವರ ಬಾವುಟ ಇಮ್ರಾನರ(ರ) ಕೈಯಲ್ಲಿತ್ತೆಂದು ಚರಿತ್ರೆಕಾರರು ಬರೆದಿರುವರು. ಪ್ರವಾದಿವರ್ಯರ(ಸ) ಕೈಯಲ್ಲಿ ಕೈಯಿಟ್ಟು ಪ್ರತಿಜ್ಞೆ ಮಾಡಿದ ತಮ್ಮ ಬಲಗೈಯನ್ನು ಅವರು ಬದುಕಿನುದ್ದಕ್ಕೂ ಶೌಚದ ಕೆಲಸಕ್ಕೆ ಮುಟ್ಟಿಸಲಿಲ್ಲವಂತೆ. ಇದನ್ನು ಸ್ವತಃ ಅವರೇ ಹೇಳಿರುವರು.

ಇಮ್ರಾನರ(ರ) ಸ್ವಭಾವ ಅರಿಯಲು ಒಂದು ಸಣ್ಣ ಘಟನೆ ನೋಡಿ. ಒಮ್ಮೆ ಅವರು ತಮ್ಮ ಒಂಟೆಯನ್ನು ಮಸೀದಿಯ ಬಾಗಿಲ ಬಳಿ ಕಟ್ಟಿ ಒಳಗೆ ಹೋದರು. ಯಮನ್‌ನಿಂದ ಬಂದ ಕೆಲವರು ಸೃಷ್ಟಿಯ ಆರಂಭದ ಕುರಿತು ಕೇಳಿದ್ದರು, ಪ್ರವಾದಿವರ್ಯರು(ಸ) ವಿವರಿಸುತ್ತಿದ್ದರು. ಅಷ್ಟರಲ್ಲಿ ಯಾರೋ ಬಂದು ಇಮ್ರಾನರ(ರ) ಒಂಟೆ ಹಗ್ಗ ಬಿಡಿಸಿಕೊಂಡು ಓಡಿತೆಂದರು. ಅವರು ಎದ್ದು ಹೊರಗೆ ಬಂದರು. ನೋಡಿದರೆ ಒಂಟೆ ಮರೀಚಿಕೆಯಾಚೆ ಕಣ್ಮರೆಯಾಗುತ್ತಿತ್ತು. ಅದು ಹೋದರೆ ಹೋಗಲಿ, ನಾನು ಆ ಸಭೆಯಿಂದ ಏಳಬಾರದಿತ್ತು ಎಂದು ಅವರು ಮುಂದೆ ಪರಿತಪಿಸಿದರು. ಗಮನಿಸಿ, ಈ ಪ್ರಸಂಗ ನಮಗೆ ಅವರ ಬಾಯಿಂದಲೇ ಬಂದಿದೆ. ತಾನು ಅರ್ಧದಲ್ಲಿ ಎದ್ದುಹೋದೆ, ಉಳಿದರ್ಧ ನನಗೆ ಸಿಗಲಿಲ್ಲ ಎಂದು ಶಿಷ್ಯರ ಮುಂದೆ ಒಪ್ಪಿಕೊಳ್ಳುವ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆ? ಅಧ್ಯಾಪಕನಾದ ನನಗೆ ಇದು ಸುಲಭವಲ್ಲವೆಂದು ಗೊತ್ತು.

ಇನ್ನು ಅವರ ಕಾಯಿಲೆಯ ಲೆಕ್ಕ. ಮೂಲವ್ಯಾಧಿಯ ಪ್ರಶ್ನೆ ಅವರು ಕೇಳಿದ್ದು ಪ್ರವಾದಿವರ್ಯರಲ್ಲಿ(ಸ). ಆದುದರಿಂದ ಅದು ಹಿಜರಿ 7 ಮತ್ತು 11ರ ನಡುವಿನ ಮಾತು. ಹೊಟ್ಟೆಯ ಕಾಯಿಲೆ, ನಮ್ಮಲ್ಲಿ ಜಲೋದರ ಎನ್ನುವರಲ್ಲ, ಅದು ಮೂವತ್ತು ವರ್ಷ ಅವರನ್ನು ಕಾಡಿತೆಂದು ಇಬ್ನು ಸೀರೀನ್ ತಿಳಿಸಿರುವರು. ಅವರು ಮರಣ ಹೊಂದಿದ್ದು ಹಿಜರಿ 52ರಲ್ಲಿ. ಎರಡನ್ನೂ ಸೇರಿಸಿ ನೋಡಿದರೆ ಇಸ್ಲಾಮ್ ಸ್ವೀಕರಿಸಿದ ನಂತರದ ಅವರ ಬದುಕಿನ ಬಹುಭಾಗ ನೋವಿನೊಂದಿಗೇ ಕಳೆಯಿತು. ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ, ಬಸ್ಸು ಹತ್ತಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವ ಅನುಕೂಲವಿಲ್ಲ.

ಸಹನೆಯ ಮಾತು ಬಂದಾಗ ನಮ್ಮ ಭಾಷಣಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಉರ್ವಾ ಬಿನ್ ಝುಬೈರ್ ಅವರ ಕಾಲು ಕತ್ತರಿಸಿದ ಪ್ರಸಂಗ. ಅದು ದೊಡ್ಡ ಧೈರ್ಯವೇ ಸರಿ. ಆದರೆ ಒಂದು ದಿನದ ಧೈರ್ಯ ಬೇರೆ, ಸಾವಿರಾರು ದಿನ ಬೆಳಗಾದರೆ ಅದೇ ನೋವು ಪಕ್ಕದಲ್ಲಿ ಕುಳಿತಿರುವುದು ಬೇರೆ. ಮೊದಲನೆಯದಕ್ಕೆ ಜನ ಸೇರುವರು, ಅಳುವರು, ದುಆ ಮಾಡುವರು. ಎರಡನೆಯದಕ್ಕೆ ಕ್ರಮೇಣ ಯಾರೂ ಬರುವುದಿಲ್ಲ. ಬಂದವರೂ ಇನ್ನೂ ವಾಸಿಯಾಗಿಲ್ಲವೇ ಎಂದು ಕೇಳಿ ಹೋಗುವರು. ಆ ಪ್ರಶ್ನೆಯಲ್ಲಿಯೇ ಒಂದು ಸಣ್ಣ ಆರೋಪ ಇರುತ್ತದೆ.

ಈ ಆರೋಪದ ಕುರಿತು ಸ್ವಲ್ಪ ನಿಲ್ಲಬೇಕಾಗಿದೆ. ದೀರ್ಘಕಾಲದ ನೋವಿನವರು ಸಿಡುಕರು, ಸಂಶಯದವರು, ಎಲ್ಲದಕ್ಕೂ ಹೆದರುವವರು, ಸೋಮಾರಿಗಳು ಎಂಬ ಮಾತು ನಮ್ಮ ಮನೆಗಳಲ್ಲಿ ಮಾತ್ರವಲ್ಲ, ವೈದ್ಯರ ಪುಸ್ತಕಗಳಲ್ಲಿಯೂ ಇತ್ತು. 1959ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ನೋವನ್ನು ತಾವೇ ಬರಮಾಡಿಕೊಳ್ಳುವ ಒಂದು ಬಗೆಯ ವ್ಯಕ್ತಿತ್ವವೇ ಇದೆಯೆಂಬರ್ಥದ ಲೇಖನ ಬರೆದರು. ಅದು ಬಹಳ ವರ್ಷ ಪ್ರಭಾವ ಬೀರಿತು. ಪರೀಕ್ಷೆ ಮಾಡಿದಾಗ ಇಂತಹ ರೋಗಿಗಳಲ್ಲಿ ಚಿಂತೆ, ಖಿನ್ನತೆ, ಶರೀರದ ಬಗ್ಗೆ ಅತಿ ಗಮನ ಹೆಚ್ಚಾಗಿ ಕಂಡುಬರುತ್ತಿದ್ದುದೂ ನಿಜ. ಹಾನಿಯಾದೀತೆಂಬ ಅಂಜಿಕೆ ಹೆಚ್ಚು, ತನ್ನ ಬದುಕು ತನ್ನ ಕೈಯಲ್ಲಿದೆ ಎಂಬ ಭರವಸೆ ಕಡಿಮೆ ಎಂದು ಇತ್ತೀಚಿನ ಅಧ್ಯಯನಗಳೂ ಹೇಳುತ್ತವೆ. ಆದರೆ ಯಾವುದು ಮೊದಲು? ಸ್ವಭಾವದಿಂದ ನೋವು ಬಂತೋ, ನೋವಿನಿಂದ ಸ್ವಭಾವ ಹೀಗಾಯಿತೋ? 1975ರಲ್ಲಿ ಸ್ಟರ್ನ್‌ಬಾಖ್ ಮತ್ತು ಟಿಮ್ಮರ್‌ಮನ್ಸ್ ಎಂಬವರು ಚಿಕಿತ್ಸೆಯಿಂದ ನೋವು ಇಳಿದವರನ್ನು ಮತ್ತೆ ಪರೀಕ್ಷಿಸಿದಾಗ ಆ ಲಕ್ಷಣಗಳೂ ಇಳಿದಿದ್ದವು. 1997ರಲ್ಲಿ ಆಸ್ಟ್ರೇಲಿಯದ ವೈದ್ಯರು ಅಪಘಾತದಿಂದ ಕತ್ತಿನ ನೋವು ಹಿಡಿದು ವರ್ಷಗಟ್ಟಲೆ ಬಳಲಿದವರ ಸಣ್ಣ ನರವೊಂದನ್ನು ಕಾಯಿಸಿ ನಿಷ್ಕ್ರಿಯಗೊಳಿಸಿದರು. ಯಾರ ನೋವು ಪೂರ್ತಿ ಹೋಯಿತೋ ಅವರ ಮನಸ್ಸಿನ ಕಳವಳವೂ ಬೇರೆ ಯಾವ ಮದ್ದಿಲ್ಲದೆ ಹೋಯಿತು. ಅಂದರೆ ನಾವು ಸ್ವಭಾವ ಎಂದು ತಿಳಿದದ್ದರಲ್ಲಿ ಬಹಳಷ್ಟು ನೋವಿನದೇ ನೆರಳಾಗಿತ್ತು.

ನಮ್ಮ ಸೀಮೆಯವರಿಗೆ ಇದು ದೂರದ ಮಾತಲ್ಲ. ಸಿದ್ದಾಪುರದ ಗಡಿ ದಾಟಿದರೆ ಸಾಗರ ತಾಲ್ಲೂಕು. ಅಲ್ಲಿನ ಹಂದಿಗೋಡು ಗ್ರಾಮದ ಹೆಸರಿನಲ್ಲಿಯೇ ಒಂದು ಕಾಯಿಲೆ ಇದೆ. 1970ರ ದಶಕದಲ್ಲಿ ಅದು ಹೊರಜಗತ್ತಿನ ಗಮನಕ್ಕೆ ಬಂತು. ಸೊಂಟದ, ಮೊಣಕಾಲಿನ ಸಂದುಗಳು ಸವೆದು, ನೋವಿನಿಂದ ಜನ ಬಗ್ಗಿ ನಡೆಯುವರು, ಕೆಲವರು ತೆವಳುವರು. ಅದು ವಂಶಪಾರಂಪರ್ಯವಾಗಿ ಬರುವ ಎಲುಬಿನ ದೋಷವೆಂದು ಸಂಶೋಧಕರು ಕಂಡುಕೊಂಡರು. ಬಳಲಿದವರು ಹೆಚ್ಚಾಗಿ ಬಡ ಕೂಲಿಕಾರರು. ಅವರ ಎಲುಬಿನಲ್ಲಿದ್ದದ್ದು ಅವರ ನಡತೆಯ ಫಲವಾಗಿರಲಿಲ್ಲ.

ನನ್ನದೇ ತಪ್ಪೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಸಿದ್ದಾಪುರದ ಕಡೆಯ ಹಳ್ಳಿಯಲ್ಲಿ ನನ್ನ ಖಾಲಾ ಇದ್ದಾರೆ. ಅಡಿಕೆ ಸುಗ್ಗಿಯಲ್ಲಿ ಇಪ್ಪತ್ತು ವರ್ಷ ಮೆಟ್ಟುಗತ್ತಿಯ ಮೇಲೆ ಕುಳಿತು ರಾತ್ರಿಯವರೆಗೆ ಅಡಿಕೆ ಸುಲಿದವರು. ಸೊಂಟ ಹೋಯಿತು. ಮನೆಯವರಿಗೆ ಅವರು ಕಿರಿಕಿರಿಯ ಹೆಂಗಸಾದರು. ಪಾತ್ರೆ ಸದ್ದಾದರೆ ರೇಗುವರು, ಮದುವೆಗೆ ಕರೆದರೆ ಬಾರರು, ಸೊಸೆ ಹೇಗೆ ಮಾಡಿದರೂ ಸರಿಯಿಲ್ಲ. ನಾನು ಆಗಷ್ಟೇ ಮದ್ರಸಾ ಮುಗಿಸಿ ಬಂದಿದ್ದೆ, ನಾಲಿಗೆಯ ತುದಿಯಲ್ಲಿ ಸಹನೆಯ ಮಾತುಗಳಿದ್ದವು. ಇದೇ ಇಮ್ರಾನರ(ರ) ಕಥೆಯನ್ನು ಅವರಿಗೆ ಹೇಳಿದೆ. ಮೂವತ್ತು ವರ್ಷ ಅವರು ತುಟಿ ಬಿಚ್ಚಲಿಲ್ಲ, ನೀವು ಮಾತ್ರ ಯಾಕೆ ಹೀಗೆ ಎಂಬಂತೆ. ಖಾಲಾ ಏನೂ ಹೇಳದೆ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಅವರು ಅಷ್ಟು ವರ್ಷವೂ ಐದು ಹೊತ್ತು ನಿಂತೇ ನಮಾಝ್ ನಿರ್ವಹಿಸುತ್ತಿದ್ದರೆಂಬುದು, ಕುಳಿತರೆ ಅದು ಸ್ವೀಕಾರವಾಗದೆಂದು ಭಯಪಟ್ಟಿದ್ದರೆಂಬುದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಇಮ್ರಾನರ(ರ) ಬದುಕಿನಿಂದ ಅವರಿಗೆ ನಾನು ಕೊಡಬೇಕಾಗಿದ್ದದ್ದು ಆ ಒಂದು ಮಸ್‌ಅಲಾ. ಕೊಟ್ಟದ್ದು ಒಂದು ಗದರಿಕೆ. ಅದೂ ತಪ್ಪು ಕಥೆ, ಯಾಕೆಂದರೆ ಇಮ್ರಾನ್(ರ) ತುಟಿ ಬಿಚ್ಚದವರಾಗಿರಲಿಲ್ಲ. ತಮ್ಮ ಕಾಯಿಲೆಯನ್ನು ಹೇಳಿಕೊಂಡೇ ಅವರು ಆ ಅನುಮತಿ ಪಡೆದಿದ್ದರು.

ನೋವನ್ನು ಹೇಳಿಕೊಳ್ಳುವುದು ಸಹನೆಗೆ ವಿರುದ್ಧವೆಂದು ಯಾರಾದರೂ ನಿಮಗೆ ಹೇಳಿದರೆ ಪ್ರವಾದಿ ಅಯ್ಯೂಬರನ್ನು(ಅ) ನೆನಪಿಸಿ. ತನಗೆ ಕಷ್ಟ ತಟ್ಟಿದೆಯೆಂದು ಅವರು ತಮ್ಮ ಪ್ರಭುವಿನ ಮುಂದೆ ಮೊರೆಯಿಟ್ಟುದನ್ನು ಪವಿತ್ರ ಕುರ್‌ಆನ್ ಸೂರಃ ಅಲ್ ಅಂಬಿಯಾದಲ್ಲಿ ತಿಳಿಸುತ್ತದೆ. ಅದೇ ಅಯ್ಯೂಬರನ್ನು(ಅ) ಸೂರಃ ಸ್ವಾದ್‌ನಲ್ಲಿ ಸಹನಶೀಲರೆಂದು ಹೊಗಳುತ್ತದೆ. ಎರಡೂ ಒಬ್ಬರ ಕುರಿತೇ.

ಕುಳಿತು ನಿರ್ವಹಿಸಿದ ನಮಾಝ್‌ಗೆ ನಿಂತದ್ದರ ಅರ್ಧ ಪ್ರತಿಫಲವೆಂಬ ಹದೀಸ್ ಕೂಡ ಇಮ್ರಾನರಿಂದಲೇ(ರ) ವರದಿಯಾಗಿದೆ. ಅದನ್ನು ಓದಿ ರೋಗಿಗಳು ಎದೆಗುಂದುವುದುಂಟು. ಆದರೆ ಇದು ಐಚ್ಛಿಕ ನಮಾಝ್‌ಗಳ ಕುರಿತಾದದ್ದೆಂದು ಬಹಳಷ್ಟು ವಿದ್ವಾಂಸರು ವಿವರಿಸಿರುವರು. ರೋಗದಿಂದ ಅಶಕ್ತನಾದವನಿಗೆ ಅವನು ಆರೋಗ್ಯದಲ್ಲಿ ಮಾಡುತ್ತಿದ್ದ ಕರ್ಮಗಳ ಪುಣ್ಯವೇ ಬರೆಯಲ್ಪಡುವುದೆಂದು ಬೇರೊಂದು ಸಹೀಹ್ ಹದೀಸ್ ಭರವಸೆ ನೀಡುತ್ತದೆ.

ಮತ್ತೆ ಇಮ್ರಾನರ(ರ) ಬದುಕಿಗೆ ಬರೋಣ. ಖಲೀಫ ಉಮರ್(ರ) ಅವರ ಕಾಲದಲ್ಲಿ ಬಸ್ರಾ ಹೊಸದಾಗಿ ತಲೆಯೆತ್ತಿದ ನಗರ. ಸೈನಿಕರು, ವ್ಯಾಪಾರಿಗಳು, ಹೊಸದಾಗಿ ಇಸ್ಲಾಮಿಗೆ ಬಂದವರು ತುಂಬಿದ್ದ ಊರು. ಅಲ್ಲಿಯ ಜನರಿಗೆ ಧರ್ಮಶಾಸ್ತ್ರ ಕಲಿಸಲು ಉಮರ್(ರ) ಆರಿಸಿ ಕಳುಹಿಸಿದವರಲ್ಲಿ ಇಮ್ರಾನ್(ರ) ಒಬ್ಬರು. ಗಟ್ಟಿಮುಟ್ಟಾದ ಆಳೇ ಬೇಕೆಂದು ಉಮರ್(ರ) ನೋಡಲಿಲ್ಲ. ಬಸ್ರಾಕ್ಕೆ ಬಂದ ಸವಾರರಲ್ಲಿ ಇವರಿಗಿಂತ ಉತ್ತಮರು ಯಾರೂ ಇರಲಿಲ್ಲವೆಂದು ಹಸನ್ ಬಸ್ರಿ ಆಣೆ ಹಾಕಿ ಹೇಳುತ್ತಿದ್ದರು. ಇವರಿಂದ ವರದಿಯಾದ ಹದೀಸ್‌ಗಳು 180 ಎಂದು ಇಮಾಮ್ ನವವಿ ಎಣಿಸಿರುವರು.

ಕೆಲಕಾಲ ಅವರು ಬಸ್ರಾದ ನ್ಯಾಯಾಧೀಶರೂ ಆಗಿದ್ದರು. ಒಂದು ದಿನ ಒಬ್ಬನ ವಿರುದ್ಧ ತೀರ್ಪು ಕೊಟ್ಟರು. ಅವನು ಎದ್ದು, ತೀರ್ಪು ಅನ್ಯಾಯದ್ದು, ನಿಮ್ಮ ಪ್ರಯತ್ನದಲ್ಲಿ ಲೋಪವಿಲ್ಲ, ಆದರೆ ಸಾಕ್ಷಿ ಸುಳ್ಳು ಎಂದನು. ಇಮ್ರಾನ್(ರ) ವಾದಕ್ಕಿಳಿಯಲಿಲ್ಲ. ತೀರ್ಪಿನಿಂದ ಅವನಿಗಾದ ನಷ್ಟವನ್ನು ತಮ್ಮ ಸ್ವಂತ ಹಣದಿಂದ ತುಂಬಿಕೊಡುವುದಾಗಿ ಹೇಳಿ, ಇನ್ನೆಂದೂ ಆ ಪೀಠದಲ್ಲಿ ಕೂರುವುದಿಲ್ಲವೆಂದು ಆಣೆ ಮಾಡಿ ಎದ್ದರೆಂದು ವರದಿಯಿದೆ. ಇನ್ನೊಮ್ಮೆ ಒಬ್ಬ ಅಮೀರರು ಅವರನ್ನು ಝಕಾತ್ ವಸೂಲಿಗೆ ಕಳುಹಿಸಿದರು. ಅವರು ಬರಿಗೈಯಲ್ಲಿ ಮರಳಿದರು. ಹಣ ಎಲ್ಲಿ ಎಂದು ಕೇಳಿದಾಗ, ಪ್ರವಾದಿವರ್ಯರ(ಸ) ಕಾಲದಲ್ಲಿ ಯಾರಿಂದ ಪಡೆಯುತ್ತಿದ್ದೆವೋ ಅವರಿಂದ ಪಡೆದು, ಯಾರಿಗೆ ಕೊಡುತ್ತಿದ್ದೆವೋ ಅವರಿಗೆ ಅಲ್ಲಿಯೇ ಕೊಟ್ಟು ಬಂದೆ ಎಂದು ಉತ್ತರಿಸಿದರು. ಅಮೀರರ ಮುಖ ಆಗ ಹೇಗಾಗಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಅವರಿಗೆ ಕೋಪ ಬರುತ್ತಿರಲಿಲ್ಲವೆಂದೂ ತಿಳಿಯಬೇಡಿ. ಒಂದು ಕೂಟದಲ್ಲಿ ಅವರು ಲಜ್ಜೆಯ ಗುಣದಿಂದ ಒಳಿತಲ್ಲದೆ ಬೇರೇನೂ ಬರದೆಂಬ ಪ್ರವಾದಿ(ಸ) ವಚನವನ್ನು ತಿಳಿಸಿದರು. ಬುಶೈರ್ ಬಿನ್ ಕಅಬ್ ಎಂಬವರು, ಕೆಲವು ಗ್ರಂಥಗಳಲ್ಲಿ ಲಜ್ಜೆಯ ಒಂದಂಶ ದೌರ್ಬಲ್ಯವೆಂದೂ ಇದೆಯಲ್ಲ ಎಂದರು. ಇಮ್ರಾನರ(ರ) ಕಣ್ಣು ಕೆಂಪಗಾಯಿತು. ನಾನು ಪ್ರವಾದಿವರ್ಯರ(ಸ) ಮಾತು ಹೇಳುತ್ತಿದ್ದರೆ ನೀನು ಅದಕ್ಕೆದುರಾಗಿ ಪುಸ್ತಕದ ಮಾತು ತರುವೆಯಾ ಎಂದು ಗದರಿದರು. ಬುಶೈರ್ ಮತ್ತೆ ಅದನ್ನೇ ಹೇಳಿದರು, ಇವರು ಮತ್ತೆ ಸಿಟ್ಟಾದರು. ಕೊನೆಗೆ ಸುತ್ತಲಿದ್ದವರು, ಇವನು ನಮ್ಮವನೇ, ಕೆಟ್ಟ ಉದ್ದೇಶದವನಲ್ಲ ಎಂದು ಸಮಾಧಾನಪಡಿಸಬೇಕಾಯಿತು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಆ ಕೋಪ ಕಾಯಿಲೆಯದಲ್ಲ, ಗೌರವದ್ದು. ರೋಗಿಗೂ ಸಿಟ್ಟಾಗುವ ಹಕ್ಕಿದೆ. ಅವನು ಏನು ಹೇಳಿದರೂ ಸೊಂಟದ ನೋವಿನ ಲೆಕ್ಕಕ್ಕೆ ಬರೆದಿಡುವವರು ಇದನ್ನು ಮರೆಯುವರು.

ಉಡುಪಿನ ವಿಷಯವೂ ಹೇಳತಕ್ಕದ್ದು. ಅಬೂ ರಜಾ ಎಂಬವರು ತಿಳಿಸುವ ಪ್ರಕಾರ ಇಮ್ರಾನ್(ರ) ಒಂದು ದಿನ ಅವರ ಮುಂದೆ ಬಂದಾಗ ಹೆಗಲ ಮೇಲೆ ಅಂಚು ಕಟ್ಟಿದ ಬೆಲೆಬಾಳುವ ಶಾಲು ಇತ್ತು. ಅದನ್ನು ಅವರು ಹಿಂದೆಂದೂ ಹೊದ್ದಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಅಲ್ಲಾಹನು ತನ್ನ ದಾಸನಿಗೆ ಅನುಗ್ರಹ ನೀಡಿದಾಗ ಅದರ ಗುರುತು ಅವನ ಮೇಲೆ ಕಾಣಿಸುವುದನ್ನು ಇಷ್ಟಪಡುವನೆಂಬ ಹದೀಸನ್ನು ಅವರು ಆಗ ಕೇಳಿಸಿದರು. ಹಳೆಯ ರೋಗಿ ಒಳ್ಳೆಯ ಬಟ್ಟೆ ಉಟ್ಟು ಹೊರಬಂದರೆ, ನಿನಗೇನಾಗಿದೆ, ಚೆನ್ನಾಗಿಯೇ ಇದ್ದೀಯಲ್ಲ ಎನ್ನುವವರು ನಮ್ಮಲ್ಲಿ ಇದ್ದಾರೆ. ಬಟ್ಟೆ ಮಾಸಿದರೆ ನಿರಾಶೆಯವನು, ಶುಭ್ರವಾಗಿದ್ದರೆ ಸುಳ್ಳುಗಾರ. ಅವನು ಯಾವುದನ್ನು ಉಡಬೇಕು?

ಹಿಜರಿ 36ರಲ್ಲಿ (ಕ್ರಿ.ಶ. 656) ಜಮಲ್ ಯುದ್ಧ ಬಸ್ರಾದ ಬಾಗಿಲಲ್ಲಿಯೇ ನಡೆಯಿತು. ಮುಸ್ಲಿಮರು ಮುಸ್ಲಿಮರ ಮೇಲೆ ಖಡ್ಗ ಎತ್ತಿದ ಆ ಕಾಲದಲ್ಲಿ ಇಮ್ರಾನ್(ರ) ಯಾವ ಪಕ್ಷಕ್ಕೂ ಸೇರಲಿಲ್ಲ. ಸುಮ್ಮನಿರಲೂ ಇಲ್ಲ. ಒಂದು ಗೋತ್ರದವರ ಬಳಿಗೆ ದೂತನನ್ನು ಕಳುಹಿಸಿ, ಈ ಎರಡು ಪಂಗಡಗಳಲ್ಲಿ ಯಾರ ಮೇಲಾದರೂ ಒಂದು ಬಾಣ ಬಿಡುವುದಕ್ಕಿಂತ ಬೆಟ್ಟದ ತುದಿಯಲ್ಲಿ ಆಡು ಮೇಯಿಸುವ ಗುಲಾಮನಾಗಿ ಸಾಯುವುದು ನನಗೆ ಪ್ರಿಯ ಎಂದು ಹೇಳಿಸಿದರು. ಅವರು ಕೇಳಲಿಲ್ಲ.

ಕೊನೆಗಾಲದಲ್ಲಿ ಕಾಯಿಲೆ ಅವರನ್ನು ಹಾಸಿಗೆಗೆ ಕೆಡವಿತು. ಖರ್ಜೂರದ ಗರಿಯ ದಂಟುಗಳಿಂದ ಮಾಡಿದ ಮಂಚ, ಶೌಚಕ್ಕಾಗಿ ಅದರ ನಡುವೆ ಒಂದು ತೂತು. ಎದ್ದು ಹೋಗುವ ಶಕ್ತಿಯಿಲ್ಲದವರಿಗೆ ಅಷ್ಟೇ ವ್ಯವಸ್ಥೆ. ಅವರ ಆಪ್ತ ಶಿಷ್ಯ ಮುತರ್ರಿಫ್ ಬಿನ್ ಅಬ್ದುಲ್ಲಾ ಅವರ ಬರವು ಕಡಿಮೆಯಾಯಿತು. ವಿಚಾರಿಸಿದಾಗ, ನಿಮ್ಮನ್ನು ಈ ಸ್ಥಿತಿಯಲ್ಲಿ ನೋಡಲಾಗದೆ ಬರುತ್ತಿಲ್ಲ ಎಂದು ಮುತರ್ರಿಫ್ ಒಪ್ಪಿಕೊಂಡರು. ಹಾಗೆ ಮಾಡಬೇಡ, ಅಲ್ಲಾಹನಿಗೆ ಯಾವುದು ಪ್ರಿಯವೋ ನನಗೂ ಅದೇ ಪ್ರಿಯ ಎಂಬ ಉತ್ತರ ಬಂತು.

ಈ ಉತ್ತರದ ಎರಡನೆಯ ಭಾಗವನ್ನು ನಾವು ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ಮೊದಲನೆಯ ಭಾಗ ಬಿಟ್ಟುಹೋಗುತ್ತದೆ. ಬರುವುದನ್ನು ನಿಲ್ಲಿಸಬೇಡ ಎಂದರು ಅವರು. ವಿಧಿಯನ್ನು ಒಪ್ಪಿಕೊಂಡ ಮನುಷ್ಯನಿಗೂ ಜನ ಬೇಕಾಗಿದ್ದರು. ಮುತರ್ರಿಫ್ ಕೆಟ್ಟವರಲ್ಲ, ಪ್ರೀತಿಯಿಂದಲೇ ದೂರವಾದವರು. ನೋಡಲಾಗದು ಎಂಬುದು ನೋಡುವವನ ಕಷ್ಟ. ಆ ಕಷ್ಟದ ಬೆಲೆಯನ್ನು ಮಾತ್ರ ಹಾಸಿಗೆಯಲ್ಲಿರುವವನು ತೆರಬೇಕಾಗುತ್ತದೆ.

ಇನ್ನೊಂದು ಸಂಗತಿ ಉಳಿದಿದೆ, ಅದು ಸುಲಭದ್ದಲ್ಲ. ಆ ಕಾಲದಲ್ಲಿ ಇಂತಹ ಕಾಯಿಲೆಗಳಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವ ಚಿಕಿತ್ಸೆಯಿತ್ತು. ನಮ್ಮ ಮಲೆನಾಡಿನಲ್ಲಿಯೂ ಕಾಮಾಲೆಗೆ ಬರೆ ಹಾಕಿಸಿಕೊಂಡ ಹಿರಿಯರಿದ್ದಾರೆ. ಪ್ರವಾದಿವರ್ಯರು(ಸ) ಅದನ್ನು ಇಷ್ಟಪಡುತ್ತಿರಲಿಲ್ಲ. ವಿಚಾರಣೆಯಿಲ್ಲದೆ ಸ್ವರ್ಗ ಪ್ರವೇಶಿಸುವ ಎಪ್ಪತ್ತು ಸಾವಿರ ಮಂದಿಯ ಗುಣಗಳಲ್ಲಿ ಬರೆ ಹಾಕಿಸಿಕೊಳ್ಳದಿರುವುದೂ ಒಂದು ಎಂಬ ಹದೀಸನ್ನು ವರದಿ ಮಾಡಿದವರಲ್ಲಿ ಸ್ವತಃ ಇಮ್ರಾನ್(ರ) ಇದ್ದಾರೆ. ಹೊಟ್ಟೆಯ ಕಾಯಿಲೆಗೆ ಬರೆ ಹಾಕಿಸಿರೆಂದು ಜನ ಮತ್ತೆ ಮತ್ತೆ ಹೇಳಿದರು, ಅವರು ಮತ್ತೆ ಮತ್ತೆ ನಿರಾಕರಿಸಿದರು. ಕೊನೆಗೆ ಮರಣಕ್ಕೆ ಎರಡು ವರ್ಷ ಮುಂಚೆ ಒಪ್ಪಿದರು. ಇಪ್ಪತ್ತೆಂಟು ವರ್ಷ ತಡೆದವರು ಇಪ್ಪತ್ತೊಂಬತ್ತನೆಯ ವರ್ಷದಲ್ಲಿ ಸೋತರು ಎನ್ನೋಣವೇ? ನಾನು ಹಾಗೆನ್ನಲಾರೆ. ಅವರೇ ಅದನ್ನು ಮುಚ್ಚಿಡಲಿಲ್ಲ. ಪ್ರವಾದಿವರ್ಯರು(ಸ) ತಡೆದಿದ್ದರು, ಆದರೂ ನಾವು ಹಾಕಿಸಿಕೊಂಡೆವು, ಪ್ರಯೋಜನವೇನೂ ಆಗಲಿಲ್ಲ ಎಂದು ತಿಳಿಸಿದ ಮಾತು ಅಬೂ ದಾವೂದ್, ತಿರ್ಮಿಝಿ ಸಂಗ್ರಹಗಳಲ್ಲಿದೆ. ಓಡಿಹೋದ ಒಂಟೆಯ ಪ್ರಸಂಗ ಹೇಳಿದ ಅದೇ ಬಾಯಿ.

ಇದರಿಂದ ಔಷಧವೇ ಬೇಡವೆಂದು ಯಾರೂ ಭಾವಿಸಬಾರದು. ಪ್ರವಾದಿವರ್ಯರು(ಸ) ಗಾಯಗೊಂಡ ಸಅದ್ ಬಿನ್ ಮುಆಝರಿಗೆ(ರ) ಸ್ವತಃ ಬರೆ ಹಾಕಿದ್ದರು, ಉಬೈ ಬಿನ್ ಕಅಬರ(ರ) ಬಳಿಗೆ ವೈದ್ಯನನ್ನು ಕಳುಹಿಸಿದ್ದರು. ಚಿಕಿತ್ಸೆ ಮಾಡಿಸಿರೆಂದು ಅವರ ಆಜ್ಞೆಯೇ ಇದೆ. ಆದುದರಿಂದ ಬರೆ ಹಾಕುವುದು ನಿಷಿದ್ಧವಲ್ಲ, ಬೇರೆ ದಾರಿಯಿದ್ದರೆ ಅನಪೇಕ್ಷಿತ ಎಂದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ನಮ್ಮ ಕಡೆ ನೋವಿನ ಮಾತ್ರೆ ನುಂಗುವುದನ್ನು ಈಮಾನ್‌ನ ಕೊರತೆ ಎಂಬಂತೆ ನೋಡುವವರಿದ್ದಾರೆ. ತಮಗೆ ಹಲ್ಲುನೋವು ಬಂದರೆ ಅವರೇ ಮೊದಲು ಓಡುವರು. ಮೂರು ತಿಂಗಳು ಮೀರಿ ಉಳಿದ ನೋವನ್ನು ಒಂದು ಕಾಯಿಲೆಯೆಂದೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಪಟ್ಟಿಯಲ್ಲಿ ಸೇರಿಸಿದೆ. ಅದಕ್ಕೆ ಔಷಧ ಮಾತ್ರವಲ್ಲ, ವ್ಯಾಯಾಮ, ಮನಸ್ಸಿನ ಭಯ ಇಳಿಸುವ ಮಾತುಕತೆ, ಕೆಲಸದ ಭಂಗಿಯ ಬದಲಾವಣೆ ಎಲ್ಲವೂ ಸೇರಿ ಚಿಕಿತ್ಸೆ. ನನ್ನ ಖಾಲಾರನ್ನು ಕೊನೆಗೆ ವೈದ್ಯರ ಬಳಿ ಕರೆದೊಯ್ದದ್ದು ಅದೇ ಸೊಸೆ. ನೋವು ಪೂರ್ತಿ ಹೋಗಲಿಲ್ಲ, ಆದರೆ ಅರ್ಧ ಇಳಿಯಿತು. ಮರುವರ್ಷದ ಈದ್‌ಗೆ ಹೋದಾಗ ಒಳಮನೆಯಿಂದ ನಗು ಕೇಳಿಸಿತು. ಬಾಲ್ಯದಲ್ಲಿ ಕೇಳಿದ್ದ ನಗು. ಅವರ ಸ್ವಭಾವ ಎಲ್ಲಿಗೂ ಹೋಗಿರಲಿಲ್ಲ. ಈಗ ಕುರ್ಚಿಯ ಮೇಲೆ ಕುಳಿತು ನಮಾಝ್ ನಿರ್ವಹಿಸುವರು. ಆ ಮಸ್‌ಅಲಾ ತಡವಾಗಿಯಾದರೂ ನಾನೇ ಹೇಳಿದೆ, ತಲೆ ತಗ್ಗಿಸಿ.

ಇಮ್ರಾನರ(ರ) ಕೊನೆಯ ದಿನಗಳು. ಅವರು ಮುತರ್ರಿಫ್‌ರನ್ನು ಕರೆಸಿದರು. ಮುಂದೆ ನಿನಗೆ ಉಪಯೋಗವಾಗಬಹುದೆಂದು ಕೆಲವು ಹದೀಸ್‌ಗಳನ್ನು ತಿಳಿಸಿದರು. ಜೊತೆಗೆ ಒಂದು ಗುಟ್ಟನ್ನೂ ಹೇಳಿದರು. ಕಾಯಿಲೆಯ ಆ ವರ್ಷಗಳಲ್ಲಿ ದೇವಚರರು ತನಗೆ ಸಲಾಮ್ ಹೇಳುತ್ತಿದ್ದರು. ಬರೆ ಹಾಕಿಸಿಕೊಂಡ ಮೇಲೆ ಅದು ನಿಂತುಹೋಯಿತು. ಬರೆ ಹಾಕಿಸುವುದನ್ನು ಬಿಟ್ಟ ಮೇಲೆ ಮತ್ತೆ ಆರಂಭವಾಯಿತು. ನಾನು ಬದುಕುಳಿದರೆ ಇದನ್ನು ಯಾರಿಗೂ ಹೇಳಬೇಡ, ಸತ್ತರೆ ಬೇಕಿದ್ದರೆ ಹೇಳು ಎಂದು ಸೂಚಿಸಿದರು. ಹಾಸಿಗೆಯ ಪಕ್ಕ ಯಾರೂ ಇಲ್ಲದ ಆ ಹೊತ್ತುಗಳಲ್ಲಿ ಅವರು ಒಂಟಿಯಾಗಿರಲಿಲ್ಲವೆಂದು ಬಸ್ರಾದ ಜನರಿಗೆ ತಿಳಿದಿರಲಿಲ್ಲ.

ಮನೆಯವರಿಗೆ ಅವರು ಮಾಡಿದ ವಸಿಯ್ಯತ್ ಚಿಕ್ಕದು. ಜನಾಝಾವನ್ನು ನಿಧಾನಿಸದೆ ಬೇಗ ಒಯ್ಯಬೇಕು. ಗೋಳಿಟ್ಟು ಅಳಬಾರದು, ಅತ್ತವಳಿಗೆ ತಾನು ಬರೆದಿಟ್ಟ ಪಾಲು ಇಲ್ಲ. ದಫನ ಮಾಡಿ ಮರಳಿದ ಮೇಲೆ ಒಂಟೆ ಕೊಯ್ದು ಜನರಿಗೆ ಉಣಿಸಬೇಕು. ಹಿಜರಿ 52ರಲ್ಲಿ (ಕ್ರಿ.ಶ. 672) ಅವರು ಬಸ್ರಾದಲ್ಲಿ ಇಹಲೋಕ ತ್ಯಜಿಸಿದರು. ಮುತರ್ರಿಫ್ ಆ ಗುಟ್ಟನ್ನು ಹೊರಗೆ ಹೇಳಿದ್ದು ಆ ನಂತರವೇ.